ನೀರ್ ಸಾಬ್ ಕಟ್ಟಿದ ಮನೆಗೆ ಬೀಗ ಹಾಕಿದ್ದು ಯಾರು?

ಹಾರನಹಳ್ಳಿ ಎಂದ ಕೂಡಲೇ ನಿಮಗೆ ನೆನಪಾಗುವುದು ಬಹುಶಃ ಕೋಡಿಮಠ. ಯುಗಾದಿ ಬಂದರೂ, ಸರ್ಕಾರ ಅಲುಗಾಡಿದರೂ ಚಾನೆಲ್‌ಗಳ ಕ್ಯಾಮೆರಾ ಅರಸೀಕೆರೆ ದಾಟಿ ಅಲ್ಲಿಗೆ ಹೊರಡುತ್ತವೆ. ಮಳೆ ಹೇಗಾಗುತ್ತೆ, ಮುಖ್ಯಮಂತ್ರಿ ಕುರ್ಚಿ ಉಳಿಯುತ್ತಾ ಎಂದು ಸ್ವಾಮೀಜಿಯನ್ನು ಕೇಳುತ್ತವೆ. ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಅಂತ ಯಾರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಅದು ಭವಿಷ್ಯದ ಪ್ರಶ್ನೆಯೂ ಅಲ್ಲ ಬಿಡಿ, ಸಂವಿಧಾನದಲ್ಲೇ ದಿನ ನಿಗದಿಯಾಗಿರುವ ವಿಷಯ.

ನನಗೆ ಹಾರನಹಳ್ಳಿ ಅಂದರೆ ದೊಡ್ಡಮ್ಮನ ಊರಿಗೆ ಹೋಗುವಾಗ ಬಸ್ ಇಳಿಯುವ ಜಾಗ. ಬೇಸಿಗೆ ರಜೆಯಲ್ಲಿ ಅಲ್ಲಿ ಇಳಿದು, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಸ್ಥಾನಗಳ ಕಡೆಗೊಮ್ಮೆ ನೋಡಿ, ತೆಂಗಿನ ತೋಟಗಳ ನಡುವೆ ನಡೆದು ಊರು ಸೇರುತ್ತಿದ್ದೆವು. ಊರ ಬಾಗಿಲಲ್ಲೇ ಒಂದು ಬೋರಿಂಗ್ ಇತ್ತು. ಕೈಪಂಪಿಗೆ ನಮ್ಮ ಕಡೆ ಹಾಗೇ ಅನ್ನುವುದು. ಅದರ ಹಿಡಿಗೆ ಜೋತುಬಿದ್ದು ಇಡೀ ದೇಹದ ತೂಕ ಹಾಕಿ ಜಗ್ಗಿದರೆ ನೀರು ಭುಸ್ಸೆಂದು ಬರುತ್ತಿತ್ತು.

ಈ ಅಕ್ಟೋಬರ್‌ನಲ್ಲಿ ಊರಿನ ವಾಟ್ಸ್ಯಾಪ್ ಗ್ರೂಪಿಗೆ ಒಂದೇ ದಿನ ಮೂರು ಪ್ರಕಟಣೆ ಬಂದವು. ಉಚಿತ ಕಣ್ಣಿನ ತಪಾಸಣೆ ಶಿಬಿರ, ರಾಜ್ಯೋತ್ಸವದ ವಾಲಿಬಾಲ್ ಪಂದ್ಯ, ಗ್ರಾಮಸಭೆ. ವಾಲಿಬಾಲ್‌ಗೆ ನಲವತ್ತು ಥಂಬ್ಸ್ ಅಪ್ ಬಿದ್ದಿದ್ದವು. ಗ್ರಾಮಸಭೆಗೆ ಬಿದ್ದದ್ದು ಎರಡು. ಅದರಲ್ಲಿ ಒಂದು ದೊಡ್ಡಮ್ಮಂದು. ಆಕೆ ಯಾಕೆ ಒತ್ತಿದಳು ಎನ್ನುವುದು ಗೊತ್ತಿದ್ದ ಕಾರಣಕ್ಕೇ ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಹೋದ ಮೇಲೆ ಬರೆಯಬೇಕು ಅನ್ನಿಸಿದ್ದು ಮಾತ್ರ ಬೇರೆಯವರ ಬಗ್ಗೆ. 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಅಬ್ದುಲ್ ನಜೀರ್ ಸಾಬ್ ಬಗ್ಗೆ.

ನಾನು ಹುಟ್ಟಿದ್ದು ಅವರು ಹೋದ ಮರುವರ್ಷ. ನನ್ನ ವಯಸ್ಸಿನ ಹೆಚ್ಚಿನವರಿಗೆ ಅವರು ಮೈಸೂರಿನ ಲಲಿತಮಹಲ್ ರಸ್ತೆಯ ಒಂದು ಸಂಸ್ಥೆಯ ಬೋರ್ಡಿನ ಮೇಲಿನ ಹೆಸರು, ಅಷ್ಟೇ. ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರ ಹೆಸರಿಟ್ಟಿದ್ದಾರೆ. ಹಳ್ಳಿಯ ಹಿರಿಯರಿಗೆ ಅವರು ನೀರ್ ಸಾಬ್. ಸಾಬ್ರು ಅನ್ನುವ ಪದವನ್ನು ಇವತ್ತು ಯಾವ ಯಾವ ದನಿಯಲ್ಲಿ ಹೇಳುತ್ತಾರೆ ಅಂತ ನಿಮಗೆ ಗೊತ್ತು. ಅದೇ ಪದದ ಹಿಂದೆ ನೀರು ಸೇರಿಸಿ, ಒಬ್ಬ ಮುಸ್ಲಿಂ ಮಂತ್ರಿಯನ್ನು ಲಿಂಗಾಯತರ ಕೇರಿ, ಒಕ್ಕಲಿಗರ ಕೇರಿ, ಹೊಲಗೇರಿ ಎಲ್ಲವೂ ತಮ್ಮವನೆಂದು ಕರೆದ ಕಾಲ ಈ ರಾಜ್ಯದಲ್ಲೇ ಇತ್ತು, ಬಹಳ ಹಿಂದೇನೂ ಅಲ್ಲ.

ಅವರದು ಗುಂಡ್ಲುಪೇಟೆ. ಈಗ ಚಾಮರಾಜನಗರ ಜಿಲ್ಲೆ, ಆಗ ಮೈಸೂರು ಜಿಲ್ಲೆ. ಒಂದು ಪಕ್ಕದಲ್ಲಿ ಬಂಡೀಪುರದ ಕಾಡು, ಇನ್ನೊಂದು ಪಕ್ಕದಲ್ಲಿ ಮಳೆಯನ್ನೇ ನಂಬಿದ ಹೊಲಗಳು. ನೀರಿಲ್ಲದ ಊರಿನ ಹೆಂಗಸರ ತಲೆಯ ಮೇಲಿನ ಕೊಡ ಎಷ್ಟು ಭಾರ ಅಂತ ತಿಳಿಯಲು ಅಂಥ ತಾಲ್ಲೂಕಿನವರಿಗೆ ವರದಿ ಓದಬೇಕಾಗಿಲ್ಲ. ಗುಂಡ್ಲುಪೇಟೆ ರಾಜಕೀಯವೆಂದರೆ ಆ ಕಾಲದಲ್ಲಿ ಕೆ.ಎಸ್. ನಾಗರತ್ನಮ್ಮ. ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆಗಿದ್ದ ಆ ಕಾಂಗ್ರೆಸ್ ನಾಯಕಿಯ ಕೋಟೆಯೊಳಗೆ ಎದುರು ಪಾಳೆಯದಲ್ಲಿದ್ದುಕೊಂಡು ರಾಜಕೀಯ ಮಾಡಿದವರು ನಜೀರ್ ಸಾಬ್. ಮಂತ್ರಿಯಾದಾಗ ಅವರು ವಿಧಾನ ಪರಿಷತ್ತಿನ ಸದಸ್ಯ. ಹಿಂದೆ ದೊಡ್ಡ ಜಾತಿ ಇಲ್ಲ, ದುಡ್ಡಿಲ್ಲ, ತನ್ನದೆಂದು ಹೇಳಿಕೊಳ್ಳಲು ಭದ್ರವಾದ ಕ್ಷೇತ್ರವೂ ಇಲ್ಲ. ಶಾಸಕರನ್ನೆಲ್ಲ ಎದುರು ಹಾಕಿಕೊಳ್ಳುವ ಕೆಲಸಕ್ಕೆ ಕೈ ಹಾಕಲು ಇದೇ ಅವರಿಗೆ ಅನುಕೂಲವಾಯಿತೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

1983ರ ಜನವರಿ. ಕರ್ನಾಟಕದಲ್ಲಿ ಮೊದಲ ಬಾರಿ ಕಾಂಗ್ರೆಸ್ಸೇತರ ಸರ್ಕಾರ ಬಂತು. 224ರಲ್ಲಿ ಜನತಾ ಪಕ್ಷಕ್ಕಿದ್ದದ್ದು 95 ಸೀಟು ಮಾತ್ರ. ಹೊರಗಿನವರ ಬೆಂಬಲದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬರಿಗೆ ಬಂತು. ಇವತ್ತು ಆ ಖಾತೆಗೆ ಇರುವ ತೂಕ ಆಗ ಇರಲಿಲ್ಲ. ಸರ್ಕಾರ ಎಷ್ಟು ದಿನ ಎನ್ನುವುದೂ ಗೊತ್ತಿರಲಿಲ್ಲ. ಜೊತೆಗೆ ಮಳೆ ಕೈಕೊಟ್ಟಿತ್ತು.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಹೊತ್ತು ಮಾತಾಡಲಿ, ಸಹಿಸಿಕೊಳ್ಳಿ. ದಖ್ಖನ್ ಪ್ರಸ್ಥಭೂಮಿಯ ನಮ್ಮ ಭಾಗದಲ್ಲಿ ಮಣ್ಣಿನ ಕೆಳಗೆ ಗಟ್ಟಿ ಕಲ್ಲು. ನೀರಿರುವುದು ಆ ಕಲ್ಲಿನ ಬಿರುಕುಗಳಲ್ಲಿ. ತೆರೆದ ಬಾವಿ ಎಷ್ಟೇ ತೋಡಿದರೂ ಕಲ್ಲು ಸಿಕ್ಕಲ್ಲಿ ನಿಲ್ಲಬೇಕು, ಬರಗಾಲದಲ್ಲಿ ಮೊದಲು ಬತ್ತುವುದೇ ಅದು. ಗಾಳಿಯ ಒತ್ತಡದಿಂದ ಕಲ್ಲು ಕೊರೆಯುವ ಯಂತ್ರಗಳು ಅರುವತ್ತರ ದಶಕದ ಬರಗಾಲದ ಹೊತ್ತಿಗೆ ದೇಶಕ್ಕೆ ಬಂದಿದ್ದವು. ಕೊರೆದ ರಂಧ್ರದ ಮೇಲೆ ಕೂರಿಸುವ ಪಂಪಿನದೇ ತಲೆನೋವು. ಎರಕದ ಕಬ್ಬಿಣದ ಹಳೇ ಪಂಪುಗಳನ್ನು ಒಂದು ಮನೆಯವರು ಬಳಸಲೆಂದು ಮಾಡಿದ್ದು. ಊರಿಗೆ ಊರೇ ಬೆಳಿಗ್ಗೆಯಿಂದ ರಾತ್ರಿತನಕ ಜಗ್ಗಿದರೆ ಅವು ತಿಂಗಳುಗಳಲ್ಲೇ ಮುರಿಯುತ್ತಿದ್ದವು. ಮಹಾರಾಷ್ಟ್ರದ ಸೋಲಾಪುರದ ಕಡೆ ಬಳಕೆಯಲ್ಲಿದ್ದ ಒಂದು ಗಟ್ಟಿ ವಿನ್ಯಾಸವನ್ನು ಹಿಡಿದು, ಯುನಿಸೆಫ್ ಮತ್ತು ನಮ್ಮ ಎಂಜಿನಿಯರುಗಳು ಎಪ್ಪತ್ತರ ದಶಕದಲ್ಲಿ ತಿದ್ದಿ ತೀಡಿ ಇಂಡಿಯಾ ಮಾರ್ಕ್ 2 ಎಂಬ ಪಂಪು ಮಾಡಿದರು. ಕೊಯಮತ್ತೂರಿನ ಹಳ್ಳಿಗಳಲ್ಲಿ ಅದರ ಪರೀಕ್ಷೆ ನಡೆಯಿತು. ಉಕ್ಕಿನ ದೇಹ, ಹಿಡಿಯ ಬುಡದಲ್ಲಿ ಬಾಲ್ ಬೇರಿಂಗ್, ಒಳಗೆ ಸರಪಳಿ. ನನ್ನ ಪ್ರಕಾರ ಈ ದೇಶದ ಶ್ರೇಷ್ಠ ವಿನ್ಯಾಸಗಳಲ್ಲಿ ಅದೂ ಒಂದು. ನಾಲ್ಕು ವರ್ಷದ ಮೆಕ್ಯಾನಿಕಲ್ ಕೋರ್ಸಿನಲ್ಲಿ ಅದರ ಒಂದು ಚಿತ್ರವನ್ನೂ ನಮಗೆ ತೋರಿಸಲಿಲ್ಲ.

ತಂತ್ರಜ್ಞಾನವೇನೋ ಇತ್ತು. ಇರದಿದ್ದದ್ದು ಅದು ಪ್ರತಿ ಹಳ್ಳಿಗೆ, ಹಳ್ಳಿಯೊಳಗೆ ಪ್ರತಿ ಕೇರಿಗೆ ಹೋಗಲೇಬೇಕು ಎನ್ನುವ ಹಟ. 250 ಜನಕ್ಕೆ ಒಂದು ಕೊಳವೆಬಾವಿ ಎನ್ನುವ ಲೆಕ್ಕ ಕಾಗದದಲ್ಲಿ ಮೊದಲೇ ಇತ್ತು. ನಜೀರ್ ಸಾಬ್ ಆ ಲೆಕ್ಕವನ್ನು ನಿಜವೆಂದೇ ನಂಬಿದರು. ಕೊರೆಯುವ ಲಾರಿಗಳು ರಾಜ್ಯದ ತುಂಬ ಓಡಾಡಿದವು. ಅರಸೀಕೆರೆಯಂಥ ತಾಲ್ಲೂಕಿಗೆ ಇದರ ಅರ್ಥ ಏನೆಂದು ಹಾಸನ ಜಿಲ್ಲೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಸಕಲೇಶಪುರದಲ್ಲಿ ಮಳೆ ನಿಲ್ಲದಿದ್ದಾಗ ಇಲ್ಲಿ ತೆಂಗಿನ ಗರಿ ಒಣಗುತ್ತಿರುತ್ತದೆ. ಎಂಟು ತಾಲ್ಲೂಕಿನ ಜಿಲ್ಲೆಯಲ್ಲಿ ಮಲೆನಾಡೂ ಉಂಟು, ಬಯಲುಸೀಮೆಯೂ ಉಂಟು. ಅರಸೀಕೆರೆ ಈ ಎರಡನೆಯದಕ್ಕೆ ಸೇರಿದ್ದು.

ನಮ್ಮೂರ ಬೋರಿಂಗ್ ಬಂದದ್ದು ಆ ಕಾಲದಲ್ಲೇ ಅಂತ ದೊಡ್ಡಮ್ಮ ಹೇಳುತ್ತಾಳೆ. ಅದಕ್ಕಿಂತ ಅವಳಿಗೆ ನೆನಪಿರುವುದು ಎರಡನೇ ಬೋರಿಂಗ್. ಅದು ಬಂದದ್ದು ಊರಾಚೆಯ ದಲಿತ ಕೇರಿಗೆ. ಅಲ್ಲಿಯವರು ಅಲ್ಲಿಯತನಕ ಮೇಲಿನ ಕೇರಿಯವರ ಬಾವಿ ಹತ್ತಿರ ನಿಂತು, ಯಾರಾದರೂ ಸೇದಿ ಹಾಕಲಿ ಅಂತ ಕಾಯಬೇಕಿತ್ತಂತೆ. ಜಾತಿ ಹೋಯಿತು ಅಂತ ನಾನು ಹೇಳುತ್ತಿಲ್ಲ. ಕಾಯುವುದು ತಪ್ಪಿತು ಅನ್ನುವಷ್ಟು ಮಾತ್ರ ಹೇಳುತ್ತಿದ್ದೇನೆ.

ಬರೀ ಬಾವಿ ಕೊರೆಸಿದ ಮಂತ್ರಿ ಆಗಿದ್ದರೆ ಅವರ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಒಂದು ಪಂಪು ಕೆಟ್ಟಿತು ಅಂತಿಟ್ಟುಕೊಳ್ಳಿ. ಸರಪಳಿ ತುಂಡಾಗಿದೆ ಅಥವಾ ವಾಷರ್ ಸವೆದಿದೆ. ಹತ್ತಾರು ರೂಪಾಯಿಯ ಸಾಮಾನು. ಅದನ್ನು ಹೇಳುವುದು ಯಾರಿಗೆ? ಎಂಬತ್ತರ ದಶಕದ ಆರಂಭದಲ್ಲಿ ಗ್ರಾಮ ಪಂಚಾಯಿತಿ ಹೆಸರಿಗಿತ್ತು, ಕೈಯಲ್ಲಿ ಕಾಸಿರಲಿಲ್ಲ. 1959ರ ಕಾಯ್ದೆಯಡಿ ಹುಟ್ಟಿದ ತಾಲ್ಲೂಕು ಅಭಿವೃದ್ಧಿ ಮಂಡಳಿಗಳಿಗೆ ಚುನಾವಣೆ ನಡೆದದ್ದೇ ಮೂರು ಸಲ: 1960, 1968, 1978. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಒಂದು ಪರಿಷತ್ತು, ಅದು ಸಲಹೆ ಕೊಡುವುದಕ್ಕಷ್ಟೇ. ಹಾಗಾಗಿ ಊರಿನ ವಾಷರ್ ಸಮಾಚಾರ ಎಂಎಲ್‌ಎ ಮನೆಯ ಜಗಲಿಗೆ ಹೋಗಬೇಕು, ಅಲ್ಲಿಂದ ಬೆಂಗಳೂರಿಗೆ. ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಇದನ್ನು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ. ನಡುವೆ ಒಂದು ಕಡೆ ಕೊಂಡಿ ಕಳಚಿದರೆ ಇಡೀ ವ್ಯವಸ್ಥೆ ನಿಲ್ಲುತ್ತದೆ.

ನಜೀರ್ ಸಾಬರಿಗೆ ನೀರು ಮತ್ತು ಅಧಿಕಾರ ಎರಡು ಬೇರೆ ಖಾತೆಗಳಾಗಿ ಕಾಣಲಿಲ್ಲ. ಅಧಿಕಾರಕ್ಕೆ ಬಂದ ವರ್ಷವೇ ಅವರು ತಂದ ಮಸೂದೆಯ ಹೆಸರು ಉದ್ದ: ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತ್ ಸಮಿತಿಗಳು, ಮಂಡಲ ಪಂಚಾಯಿತಿಗಳು ಮತ್ತು ನ್ಯಾಯ ಪಂಚಾಯಿತಿಗಳ ಅಧಿನಿಯಮ, 1983. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಕೊಟ್ಟ ವರದಿಯ ಮಂಡಲದ ಕಲ್ಪನೆ ಇದರ ಬೆನ್ನೆಲುಬು. ಸುಮಾರು ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ. ಮೇಲೆ ಜಿಲ್ಲಾ ಪರಿಷತ್ತು. ಎರಡಕ್ಕೂ ಜನರಿಂದಲೇ ನೇರ ಆಯ್ಕೆ. ಎಲ್ಲಕ್ಕೂ ಕೆಳಗೆ ಗ್ರಾಮಸಭೆ.

ಈ ಕಾಯ್ದೆಯ ನಿಜವಾದ ಕಿತಾಪತಿ ಇದ್ದದ್ದು ಕುರ್ಚಿಗಳ ಜೋಡಣೆಯಲ್ಲಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಆಡಳಿತ ನಡೆಸುವ ಐಎಎಸ್ ಅಧಿಕಾರಿಗೆ ಮುಖ್ಯ ಕಾರ್ಯದರ್ಶಿ ಎಂಬ ಪದನಾಮ, ಮತ್ತು ಆ ಅಧಿಕಾರಿ ಸೇವಾ ಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲಿನವರು. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದವರನ್ನು ಜನ ಆರಿಸಿದ ಸಂಸ್ಥೆಯ ನೌಕರನಿಗಿಂತ ಒಂದು ಮೆಟ್ಟಿಲು ಕೆಳಗಿಟ್ಟರು. ಕಂದಾಯ, ಕಾನೂನು ಸುವ್ಯವಸ್ಥೆ ಜಿಲ್ಲಾಧಿಕಾರಿಗೆ ಉಳಿದವು. ಶಾಲೆ, ಆಸ್ಪತ್ರೆ, ಪಶುವೈದ್ಯ, ಕುಡಿಯುವ ನೀರು, ಹಳ್ಳಿ ರಸ್ತೆ ಪರಿಷತ್ತಿಗೆ ಹೋದವು. ಅದರ ಜೊತೆ ಆ ಇಲಾಖೆಗಳ ದುಡ್ಡೂ ನೌಕರರೂ ಹೋದರು. ಬರೀ ಜವಾಬ್ದಾರಿ ಕೊಟ್ಟು ಕಾಸು ಕೊಡದಿರುವುದು ನಮ್ಮ ಸರ್ಕಾರಗಳ ಹಳೇ ಚಾಳಿ. ಇದು ಹಾಗಿರಲಿಲ್ಲ.

ಇನ್ನು ಶಾಸಕರು. ವರ್ಗಾವಣೆ, ಗುತ್ತಿಗೆ, ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂಬ ತೀರ್ಮಾನ, ಇವೆಲ್ಲ ಕೈಬಿಟ್ಟರೆ ತಮಗೆ ಉಳಿಯುವುದೇನು? ಆಳುವ ಪಕ್ಷದವರಿಗೂ ವಿರೋಧ ಪಕ್ಷದವರಿಗೂ ಇದು ಒಂದೇ ಚಿಂತೆ. ತಮ್ಮ ಕ್ಷೇತ್ರದಲ್ಲೇ ಇನ್ನೊಬ್ಬ ಗೆದ್ದವನು ತಯಾರಾಗುತ್ತಾನೆ, ನಾಳೆ ಟಿಕೆಟ್ ಕೇಳುತ್ತಾನೆ. ಅವರನ್ನು ಸಮಾಧಾನ ಮಾಡಲು ತಾಲ್ಲೂಕು ಮಟ್ಟದಲ್ಲಿ ಚುನಾವಣೆಯಿಲ್ಲದ ಒಂದು ಸಮಿತಿ ಇಟ್ಟು ಅದರ ಅಧ್ಯಕ್ಷತೆಯನ್ನು ಶಾಸಕರಿಗೆ ಕೊಟ್ಟರು. ಇದು ರಾಜಿಯೇ. ಆ ರಾಜಿ ಇಲ್ಲದಿದ್ದರೆ ಮಸೂದೆ ಸದನ ದಾಟುತ್ತಿತ್ತು ಅಂತ ನನಗನ್ನಿಸುವುದಿಲ್ಲ. ತತ್ವಕ್ಕೆ ಗಂಟುಬಿದ್ದು ಮಸೂದೆಯನ್ನೇ ಕಳೆದುಕೊಳ್ಳುವ ಚಟ ಅವರಿಗಿರಲಿಲ್ಲ.

ಸದನ ದಾಟಿದ ಮೇಲೆ ಮಸೂದೆ ದೆಹಲಿಗೆ ಹೋಯಿತು. ರಾಷ್ಟ್ರಪತಿ ಅಂಕಿತಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇಂದಿರಾ ಗಾಂಧಿ ಹತ್ಯೆ, ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷದ ಸೋಲು, ಹೆಗಡೆ ರಾಜೀನಾಮೆ, 1985ರ ಮಾರ್ಚ್‌ನಲ್ಲಿ ಮಧ್ಯಂತರ ಚುನಾವಣೆ, ಭಾರಿ ಬಹುಮತ. ಅದೇ ವರ್ಷ ಕಾಯ್ದೆ ಜಾರಿಗೆ ಬಂತು. ಆಮೇಲೂ ಚುನಾವಣೆ ಆಗಲು 1987ರ ಜನವರಿಯೇ ಬರಬೇಕಾಯಿತು. ಮಂತ್ರಿಯಾಗಿ ನಾಲ್ಕು ವರ್ಷ ಕಾದು ಅವರು ಆ ದಿನ ನೋಡಿದರು.

ಹತ್ತೊಂಬತ್ತು ಜಿಲ್ಲೆ, ಜಿಲ್ಲಾ ಪರಿಷತ್ತುಗಳಿಗೆ 887 ಸದಸ್ಯರು, ಮಂಡಲ ಪಂಚಾಯಿತಿಗಳಿಗೆ ಸುಮಾರು 55 ಸಾವಿರ. ಎಲ್ಲ ಜಿಲ್ಲೆಯೂ ಜನತಾ ಪಕ್ಷಕ್ಕೇನೂ ಒಲಿಯಲಿಲ್ಲ, ಕೆಲವು ಪರಿಷತ್ತುಗಳು ಕಾಂಗ್ರೆಸ್ ಪಾಲಾದವು. ತಾನೇ ತಂದ ಕಾಯ್ದೆಯಿಂದ ಎದುರಾಳಿಗೆ ಅಧಿಕಾರ ಹೋದರೂ ನಜೀರ್ ಸಾಬ್ ಅದನ್ನು ತಡೆಯಲಿಲ್ಲ, ದುಡ್ಡು ಕಡಿಮೆ ಮಾಡಲಿಲ್ಲ. ಇದನ್ನು ದೊಡ್ಡತನ ಅಂತ ಬರೆಯಬೇಕಾಗಿ ಬಂದಿದೆಯಲ್ಲ, ಅದು ನಮ್ಮ ಕಾಲದ ಬಗ್ಗೆ ಹೇಳುವ ಮಾತು.

ಮಹಿಳೆಯರಿಗೆ ಶೇಕಡ 25 ಸೀಟು ಮೀಸಲಾಗಿತ್ತು. ಅಂದರೆ ಒಂದೇ ಏಟಿಗೆ ಹದಿನಾಲ್ಕು ಸಾವಿರದಷ್ಟು ಹೆಂಗಸರು ಮಂಡಲಗಳಿಗೆ ಬಂದರು. ಪಾರ್ಲಿಮೆಂಟಿನಲ್ಲಿ, ವಿಧಾನಸಭೆಯಲ್ಲಿ ಮೀಸಲಾತಿಯ ಮಾತೂ ಇಲ್ಲದ ಕಾಲ ಅದು. ಆ ಹದಿನಾಲ್ಕು ಸಾವಿರದಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬಳು.

ಅವಳಿಗೆ ಆಗ ಇಪ್ಪತ್ತೆಂಟು. ಏಳನೇ ಕ್ಲಾಸು. ಸೀಟು ಮಹಿಳೆಗೆ ಅಂತ ಗೊತ್ತಾದಾಗ ಊರ ಗಂಡಸರು ಸೇರಿ ದೊಡ್ಡಪ್ಪನ ಹೆಸರು ಹೇಳಿದರಂತೆ. ಅರ್ಜಿಗೆ ಸಹಿ ಇವಳದು, ಉಳಿದದ್ದೆಲ್ಲ ಅವರದು ಅನ್ನುವ ಏರ್ಪಾಡು. ಮೊದಲ ನಾಲ್ಕು ಮೀಟಿಂಗಿಗೆ ದೊಡ್ಡಪ್ಪನೇ ಹೋದರು, ದೊಡ್ಡಮ್ಮ ಮನೆಯಲ್ಲಿ ಕೂತು ರಿಜಿಸ್ಟರಿಗೆ ಸಹಿ ಮಾಡಿದಳು. ಐದನೇ ಮೀಟಿಂಗಿನ ಹೊತ್ತಿಗೆ ಊರ ಬೋರಿಂಗ್ ಕೆಟ್ಟು ಹದಿನೈದು ದಿನವಾಗಿತ್ತು. ಹೆಂಗಸರೆಲ್ಲ ಇವಳ ಬಾಗಿಲಿಗೆ ಬಂದು ನಿಂತರು. ಓಟು ಹಾಕಿದ್ದು ನಿನಗೆ, ನಿನ್ನ ಗಂಡನಿಗಲ್ಲ ಅಂತ ಅವರಲ್ಲೊಬ್ಬ ಅಜ್ಜಿ ಬೈದಳಂತೆ. ಅವತ್ತು ದೊಡ್ಡಮ್ಮ ತಾನೇ ಹೋದಳು. ಪಂಪು ರಿಪೇರಿಯವರು ಬರುವ ತನಕ ಮಂಡಲದ ಆಫೀಸಿನ ಮೆಟ್ಟಿಲು ಬಿಟ್ಟು ಏಳಲಿಲ್ಲ. ಆಮೇಲೆ ಐದು ವರ್ಷ ಮುಗಿಯುವವರೆಗೂ ದೊಡ್ಡಪ್ಪ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಈ ಕಥೆ ನಾನು ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಆ ಅಜ್ಜಿಯ ಬೈಗುಳ ಒಂದಿಷ್ಟು ಜಾಸ್ತಿಯಾಗುತ್ತದೆ.

ಎಲ್ಲ ಕಡೆ ಹೀಗಾಯಿತು ಅಂತ ನಂಬಿಸುವುದಿಲ್ಲ. ಬಹಳ ಕಡೆ ಸಹಿ ಹೆಂಡತಿಯದು, ದರ್ಬಾರು ಗಂಡನದು ಆಗಿಯೇ ಉಳಿಯಿತು, ಇವತ್ತಿಗೂ ಉಳಿದಿದೆ. ಗೆದ್ದವರಲ್ಲಿ ಹೆಚ್ಚಿನವರು ಜಮೀನಿದ್ದ ಎರಡು ದೊಡ್ಡ ಸಮುದಾಯದವರೇ. ಹಳ್ಳಿಯ ಯಜಮಾನಿಕೆ ಹೊಸ ಅಂಗಿ ಹಾಕಿಕೊಂಡು ಮಂಡಲಕ್ಕೆ ಬಂದು ಕೂತಿತು ಎನ್ನುವ ಟೀಕೆ ಆಗಲೇ ಇತ್ತು, ಅದು ಸುಳ್ಳಲ್ಲ. ನೀರಿನ ವಿಷಯದಲ್ಲೂ ನೀರ್ ಸಾಬರನ್ನು ದೇವರು ಮಾಡುವುದು ಬೇಡ. ಕುಡಿಯುವ ನೀರಿಗೆಂದು ಬಂದ ಕೊರೆಯುವ ಯಂತ್ರವನ್ನು ನೋಡಿ ಕಲಿತ ನಾವು ತೋಟಕ್ಕೂ ಕೊರೆದೆವು, ಸಬ್‌ಮರ್ಸಿಬಲ್ ಇಳಿಸಿದೆವು, ಕೆರೆಗಳನ್ನು ಮರೆತೆವು. ಕೈಪಂಪಿಗೆ ನಿಲುಕುವುದು ನೂರೈವತ್ತು ಅಡಿ ಆಸುಪಾಸು. ನೀರು ಅದಕ್ಕಿಂತ ಕೆಳಗಿಳಿದ ದಿನ ಊರ ಬಾಗಿಲ ಬೋರಿಂಗ್ ಸುಮ್ಮನಾಯಿತು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಬಂತು. ಅರಸೀಕೆರೆ ಭಾಗಕ್ಕೆ ಈಗ ನದಿ ನೀರು ಬೇಕು, ಎತ್ತಿನಹೊಳೆ ಬೇಕು ಎನ್ನುವ ಕೂಗಿನ ಹಿಂದೆ ಈ ಕಥೆಯಿದೆ. ಇದರ ಹೊಣೆಯನ್ನು 1988ರಲ್ಲಿ ಸತ್ತವರ ಮೇಲೆ ಹಾಕುವುದು ಅನ್ಯಾಯ. ಕೊಳವೆಬಾವಿಯಿಂದಲೇ ಎಲ್ಲ ಬಗೆಹರಿಯಿತು ಅನ್ನುವುದೂ ಅಷ್ಟೇ ತಪ್ಪು.

ಚುನಾವಣೆ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ಕ್ಯಾನ್ಸರ್ ಅವರನ್ನು ಕೊಂಡೊಯ್ಯಿತು. ಅರವತ್ತರ ಗಡಿ ಮುಟ್ಟುವ ಮೊದಲೇ. ಅಷ್ಟರಲ್ಲಿ ಹೆಗಡೆ ಅಧಿಕಾರ ಬಿಟ್ಟಾಗಿತ್ತು, ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಜನತಾ ಪರಿವಾರ ಒಳಗೊಳಗೇ ಒಡೆಯುತ್ತಿತ್ತು. ಮರುವರ್ಷ ಸರ್ಕಾರವೇ ಹೋಯಿತು. ಪಂಚಾಯಿತಿಗಳ ಪರ ಸಂಪುಟದಲ್ಲಿ ಕೂತು ಜಗಳವಾಡುವ ಒಂದು ದನಿ ಇಲ್ಲವಾಗಿತ್ತು. 1992ರ ಜನವರಿಯಲ್ಲಿ ಅವಧಿ ಮುಗಿದಾಗ ಅಂದಿನ ಕಾಂಗ್ರೆಸ್ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ದೊಡ್ಡಮ್ಮನ ಸದಸ್ಯತ್ವ ಮುಗಿದದ್ದು ಹೀಗೆ, ಒಂದು ಸುತ್ತೋಲೆಯಲ್ಲಿ.

ಅದೇ ವರ್ಷದ ಕೊನೆಗೆ ಪಾರ್ಲಿಮೆಂಟು ಸಂವಿಧಾನದ 73ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಪಶ್ಚಿಮ ಬಂಗಾಳದ ಜೊತೆ ಕರ್ನಾಟಕದ ಅನುಭವವೂ ಅದರ ಹಿಂದಿತ್ತು. ಮಹಿಳಾ ಮೀಸಲಾತಿ ಮೂರನೇ ಒಂದು ಭಾಗವಾಯಿತು, ನಮ್ಮ ರಾಜ್ಯ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಮಂಡಲ ಹೋಗಿ ಚಿಕ್ಕ ಗ್ರಾಮ ಪಂಚಾಯಿತಿ ಬಂತು, ತಾಲ್ಲೂಕಿಗೂ ನೇರ ಚುನಾವಣೆ ಬಂತು. 1992ರಲ್ಲಿ ಇಲ್ಲಿ ಆದಂಥದ್ದು ಆಗಬಾರದೆಂದೇ 243ಇ ವಿಧಿ ಇರುವುದು. ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು. ಇದರಲ್ಲಿ ವ್ಯಾಖ್ಯಾನಕ್ಕೆ ಜಾಗವೇ ಇಲ್ಲ.

ಈಗ ಲೆಕ್ಕ ಹಾಕಿ. ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಅವಧಿ ಮುಗಿದದ್ದು 2021ರ ಬೇಸಿಗೆಯಲ್ಲಿ. ಆಗಿದ್ದದ್ದು ಬಿಜೆಪಿ ಸರ್ಕಾರ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದ ಕೈಯಿಂದ ಕಿತ್ತು ಹೊಸದೊಂದು ಆಯೋಗಕ್ಕೆ ಕೊಟ್ಟಿತು. ಎಲ್ಲ ಮತ್ತೆ ಮೊದಲಿಂದ ಶುರುವಾಯಿತು. 2023ರಲ್ಲಿ ಕಾಂಗ್ರೆಸ್ ಬಂತು. ವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟ್, ವಾಯಿದೆ. ಇಂಥ ನೆಪಗಳಿಗೆ ಚುನಾವಣೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಮಧ್ಯಪ್ರದೇಶದ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. ಪಕ್ಕದ ಕೇರಳ 1995ರಿಂದ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಸುತ್ತಾ ಬಂದಿದೆ. ಇಲ್ಲಿ ಹಾಸನವೂ ಸೇರಿ 31 ಜಿಲ್ಲೆಯಲ್ಲಿ ಒಬ್ಬನೇ ಒಬ್ಬ ಚುನಾಯಿತ ಜಿಲ್ಲಾ ಪಂಚಾಯಿತಿ ಸದಸ್ಯ ಇಲ್ಲ. ಬೆಂಗಳೂರಿನವರು ನಗಬೇಕಿಲ್ಲ. ನಿಮ್ಮ ಕಾರ್ಪೊರೇಟರುಗಳು ಮನೆಗೆ ಹೋದದ್ದು 2020ರ ಸೆಪ್ಟೆಂಬರ್‌ನಲ್ಲಿ. ಈಗ ಒಂದಿದ್ದದ್ದು ಐದು ಪಾಲಿಕೆಯಾಗಿವೆ, ಐದರಲ್ಲೂ ಆರಿಸಿ ಬಂದವರಿಲ್ಲ.

ಮೂರು ಪಕ್ಷಗಳಲ್ಲಿ ಒಂದೂ ಇದಕ್ಕಾಗಿ ಬೀದಿಗಿಳಿದಿಲ್ಲ. 1983ರಲ್ಲಿ ಶಾಸಕರಿಗಿದ್ದ ಭಯವೇ ಇವತ್ತಿನ ಶಾಸಕರಿಗೂ ಇದೆ. ವ್ಯತ್ಯಾಸ ಇಷ್ಟೇ: ಆಗ ಅವರ ಎದುರಿಗೆ ಸಂಪುಟದೊಳಗೇ ಒಬ್ಬ ಹಟಮಾರಿ ಇದ್ದ. ಮೀನಾಕ್ಷಿಸುಂದರಂ ಅವರಂಥ ಅಧಿಕಾರಿಗಳು ಆ ಹಟಮಾರಿಯ ಜೊತೆಗಿದ್ದರು. ನಮ್ಮನ್ನೂ ನಾನು ಬಿಡುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಡೆಸಿ ಅಂತ ಧರಣಿ ಕೂತಿದ್ದೇವೆ, ಇವಿಎಂ ಬಗ್ಗೆ ರಾತ್ರಿಯಿಡೀ ಜಗಳವಾಡಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಮತ ಹಾಕಬೇಕಿದ್ದ ಎರಡು ಮತಪೆಟ್ಟಿಗೆಗಳು ಬರಲೇ ಇಲ್ಲ ಅನ್ನುವುದು ಟ್ರೆಂಡ್ ಆಗಲಿಲ್ಲ. 2021ರ ನಂತರ ಹದಿನೆಂಟು ತುಂಬಿದವರು ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಓಟು ಹಾಕಿಲ್ಲ.

ಗ್ರಾಮಸಭೆ ಹನ್ನೊಂದಕ್ಕೆ ಅಂತಿತ್ತು, ಹನ್ನೆರಡೂವರೆಗೆ ಶುರುವಾಯಿತು. ಮೂವತ್ತು ಜನ ಇದ್ದೆವು, ಅದರಲ್ಲಿ ಆಶಾ, ಅಂಗನವಾಡಿ, ಇಲಾಖೆಯವರೇ ಅರ್ಧ. ಉದ್ಯೋಗ ಖಾತ್ರಿಯ ಕಾಮಗಾರಿ ಪಟ್ಟಿ ಓದಿದರು. ಮನೆಮನೆಗೆ ನಲ್ಲಿ ಬಂದಿದೆ, ಫೋಟೋ ತೆಗೆದು ಅಪ್‌ಲೋಡ್ ಕೂಡ ಆಗಿದೆ, ನೀರು ವಾರಕ್ಕೆರಡು ದಿನ. ದೊಡ್ಡಮ್ಮ ಎದ್ದು ನಿಂತು ಮೇಲಿನ ಕೇರಿಯ ಪೈಪು ಒಡೆದದ್ದನ್ನು ಹೇಳಿದಳು. ಪಂಚಾಯಿತಿ ಸದಸ್ಯರು ತಾಲ್ಲೂಕಿಗೆ ಬರೆದಿದ್ದೇವೆ ಅಂದರು. ತಾಲ್ಲೂಕಿನಲ್ಲಿ ಯಾರಿಗೆ ಅಂತ ಅವಳು ಕೇಳಿದಳು. ಆಡಳಿತಾಧಿಕಾರಿಗೆ ಅಂತ ಉತ್ತರ ಬಂತು. ಅವರ ಹೆಸರೇನು ಅಂತ ಕೇಳಿದಳು. ಸಭೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವರು ಎರಡು ತಿಂಗಳ ಹಿಂದೆ ವರ್ಗವಾಗಿ ಬಂದವರಂತೆ.

ಈ ಗ್ರಾಮ ಪಂಚಾಯಿತಿಯ ಅವಧಿಯೂ 2026ರ ಆರಂಭಕ್ಕೆ ಮುಗಿಯುವುದಿತ್ತು. ಆರಿಸಿದ್ದು 2020ರ ಡಿಸೆಂಬರ್‌ನಲ್ಲಿ. ಹಳ್ಳಿಯಲ್ಲಿ ಜನ ಹೆಸರು ಹಿಡಿದು ಕರೆಯಬಹುದಾದ ಕೊನೆಯ ಚುನಾಯಿತರು ಇವರು.

ಸಂಜೆ ಬಸ್ಸಿಗೆ ಹೊರಟಾಗ ದೊಡ್ಡಮ್ಮ ಊರ ಬಾಗಿಲತನಕ ಬಂದಳು. ಬೋರಿಂಗ್ ಇನ್ನೂ ಅಲ್ಲೇ ಇದೆ. ಹಿಡಿ ಇಲ್ಲ, ಯಾರೋ ಗುಜರಿಗೆ ಹಾಕಿದ್ದಾರೆ. ಕಂಬಕ್ಕೆ ಒಂದು ಎಮ್ಮೆ ಕಟ್ಟಿತ್ತು. ಚುನಾವಣೆ ಕೇಸಿನ ಮುಂದಿನ ವಾಯಿದೆ ಯಾವತ್ತು ಅಂತ ಕೇಳಿದಳು. ಫೋನಿನಲ್ಲಿ ನೋಡಿ ಹೇಳ್ತೀನಿ ಅಂದೆ. ಅಲ್ಲಿಯತನಕ ಪೈಪಿನ ಅರ್ಜಿ ಯಾರ ಹೆಸರಿಗೆ ಬರೀಲಿ ಅಂತ ಕೇಳಿದಳು. ಅದನ್ನೂ ನೋಡ್ತೀನಿ ಅಂದು ಬಸ್ಸು ಹತ್ತಿದೆ. ಅರಸೀಕೆರೆ ಜಂಕ್ಷನ್ ಬರುವಷ್ಟರಲ್ಲಿ ಅವಳ ಮೆಸೇಜು ಬಂದಿತ್ತು, ಒಡೆದ ಪೈಪಿನ ಮೂರು ಫೋಟೋ.